ಪ್ರೀತಿ ಮಾಡಬಾರದು ಅಂತ ಕಾನೂನಿದೆ, ಆದರೆ ಓದುವವರಿಗೆ ಭಯವೇ ಆಗುತ್ತಿಲ್ಲ

ಮಸಿಬೊಟ್ಟು:
ಎರಡು ವರ್ಷದಿಂದ ಒಂದು ಕಾದಂಬರಿ ಹಿಡಿದು ಕೂತಿದ್ದೇನೆ. ಹದಿಹರೆಯದವರಿಗೆ ಅಂತ ಬರೆಯುತ್ತಿರುವುದು. ಡಿಸ್ಟೋಪಿಯಾ, ಅಂದರೆ ದಬ್ಬಾಳಿಕೆಯ ಕಾಲ್ಪನಿಕ ಲೋಕದ ಕಥೆ, ಜೊತೆಗೆ ಸ್ವಲ್ಪ ಮಾಯೆ. ಮಾದರಿಗೆ ಒಂದು ಅಧ್ಯಾಯವನ್ನೂ ಹಾಕಿದ್ದೇನೆ.

ಕಥೆ ಹೀಗಿದೆ. ಒಂದು ಪಟ್ಟಣ, ಸುತ್ತ ಕೋಟೆ. ಕೋಟೆ ನಿಂತಿರುವುದು ಕಲ್ಲಿನಿಂದ ಅಲ್ಲ, ಮನುಷ್ಯರ ದನಿಯಿಂದ. ಕೆಳಪೇಟೆಯವರು ಹದಿನಾರು ತುಂಬಿದ ದಿನ ತಮ್ಮ ದನಿಯನ್ನು ತೆರಿಗೆಯಾಗಿ ಕೊಡಬೇಕು. ಅದನ್ನು ಭರಣಿಗೆ ತುಂಬಿ, ಬಾಯಿಗೆ ಅರಗು ಹಾಕಿ, ಗೋಡೆಯೊಳಗೆ ಇಡುತ್ತಾರೆ. ಆಮೇಲೆ ಅವರು ಬದುಕಿರುವ ತನಕ ಮೂಕರು. ಮೇಲ್ಪೇಟೆಯವರು ಮಾತ್ರ ಮಾತಾಡುತ್ತಾರೆ, ಹಾಡುತ್ತಾರೆ.

ಇಂಚರ ಮೇಲ್ಪೇಟೆಯವಳು. ಭರಣಿಗೆ ಅರಗು ಹಾಕುವ ಕೆಲಸ ಅವಳದು. ಮುಗಿಲ ಕೆಳಪೇಟೆಯವನು. ಅವನಿಗೆ ಹದಿನಾರು ತುಂಬಲು ಇನ್ನು ಮೂರು ತಿಂಗಳಿದೆ. ಇಬ್ಬರಿಗೂ ಪ್ರೀತಿ ಆಗುತ್ತೆ. ಎರಡು ಪೇಟೆಗಳ ನಡುವೆ ಪ್ರೀತಿಸಿದರೆ ಮರಣದಂಡನೆ.

ಐದು ಜನರಿಗೆ ಓದಲು ಕೊಟ್ಟೆ. ಐವರದ್ದೂ ಒಂದೇ ಮಾತು: "ಚೆನ್ನಾಗಿದೆ, ಆದರೆ ಭಯ ಆಗಲ್ಲ." ಒಬ್ಬಳಂತೂ "ಸಿಕ್ಕಿಬಿದ್ರೆ ಬೀಳಲಿ ಬಿಡು ಅನ್ನಿಸ್ತು" ಅಂದಳು. ಮರಣದಂಡನೆಗಿಂತ ದೊಡ್ಡ ಶಿಕ್ಷೆ ಎಲ್ಲಿಂದ ತರಲಿ?

ಇರುಳುಹಕ್ಕಿ:
ತರಬೇಡಿ. ಶಿಕ್ಷೆ ಸಣ್ಣದಾಯಿತು ಅಂತ ಯಾರೂ ದೂರಿಲ್ಲವಲ್ಲ. ನನ್ನ ಪ್ರಶ್ನೆ ಬೇರೆ. ಈ ಇಬ್ಬರು ಪ್ರೀತಿಸಿದರೆ ನಿಮ್ಮ ಸರ್ಕಾರಕ್ಕೆ ಏನು ನಷ್ಟ? ಕೋಟೆಯ ಒಂದು ಇಟ್ಟಿಗೆಯಾದರೂ ಅಲುಗುತ್ತಾ? ಇಲ್ಲ ಅಂದ್ರೆ ಆ ಕಾನೂನು ಇರುವುದು ಕಥೆ ಬರೆಯುವವರ ಅನುಕೂಲಕ್ಕೆ. ಓದುಗರಿಗೆ ಅದರ ವಾಸನೆ ಬೇಗ ಬಡಿಯುತ್ತೆ.

ಲಾರೆನ್ ಆಲಿವರ್ ಬರೆದ 'ಡೆಲಿರಿಯಮ್' (2011) ನೋಡಿ. ಪ್ರೀತಿ ಒಂದು ಕಾಯಿಲೆ ಅಂತ ಅಲ್ಲಿಯ ಸರ್ಕಾರ ಸಾರಿಬಿಟ್ಟಿದೆ. ಹದಿನೆಂಟಕ್ಕೆ ಆಪರೇಷನ್ ಮಾಡಿ ವಾಸಿ ಮಾಡುತ್ತಾರೆ. ನಾಯಕಿ ಲೀನಾ ಶುರುವಿನಲ್ಲಿ ಅದಕ್ಕೆ ವಿರೋಧಿ ಅಲ್ಲ. ಆ ಆಪರೇಷನ್‌ಗೆ ದಿನ ಎಣಿಸುತ್ತಾ ಕೂತಿರುತ್ತಾಳೆ! ಹಾಗಾಗಿ ಒಬ್ಬ ಹುಡುಗನನ್ನು ಕಂಡು ಎದೆ ಡವಗುಟ್ಟಿದರೆ ಅವಳಿಗೆ ಪೊಲೀಸರ ನೆನಪಾಗುವ ಮೊದಲು ತನಗೆ ರೋಗ ತಗುಲಿತಾ ಅನ್ನೋ ಹೆದರಿಕೆ. ಕಾನೂನು ಅವಳ ಮೈಯೊಳಗೇ ಕೂತಿದೆ.

ಆಲಿ ಕಾಂಡಿಯವರ 'ಮ್ಯಾಚ್ಡ್' (2010) ಇನ್ನೊಂದು ಥರ. ಹದಿನೇಳಕ್ಕೆ ಜೋಡಿಯನ್ನು ಸರ್ಕಾರವೇ ಆರಿಸಿಕೊಡುತ್ತೆ, ಅದಕ್ಕೊಂದು ದೊಡ್ಡ ಸಮಾರಂಭ. ಕ್ಯಾಸಿಯಾಗೆ ಸಿಕ್ಕಿದ ಹುಡುಗ ಅವಳ ಬಾಲ್ಯದ ಗೆಳೆಯ, ಒಳ್ಳೆಯವನು. ಆದರೆ ಮನೆಗೆ ಬಂದು ಅವನ ವಿವರ ನೋಡುವಾಗ ಪರದೆಯ ಮೇಲೆ ಇನ್ನೊಬ್ಬನ ಮುಖ ಮಿಂಚಿ ಹೋಗುತ್ತೆ. ಅಷ್ಟೇ. ಯಾರೂ ಗದರಿಸಲ್ಲ. "ನಿಮಗೆ ಯಾವುದು ಒಳ್ಳೇದು ಅಂತ ನಮಗೆ ಗೊತ್ತು" ಅನ್ನೋ ನಗುಮುಖದ ಸರ್ಕಾರ ಅದು. ನೇಣುಗಂಬಕ್ಕಿಂತ ನನಗೆ ಅದೇ ಜಾಸ್ತಿ ಭಯ.

ಹಳೇಓದುಗ:
ಇವೆಲ್ಲ ಮೊಮ್ಮಕ್ಕಳು. ಅಜ್ಜಂದಿರನ್ನು ಸ್ವಲ್ಪ ವಿಚಾರಿಸಿ.

ರಷ್ಯದ ಝಮ್ಯಾಟಿನ್ 'ವಿ' ಕಾದಂಬರಿ ಬರೆದದ್ದು 1920–21ರಲ್ಲಿ. ಇಂಗ್ಲಿಷಿನಲ್ಲಿ 1924ಕ್ಕೇ ಬಂತು, ಅವನ ಸ್ವಂತ ದೇಶದಲ್ಲಿ ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು. ಅಲ್ಲಿ ಜನಕ್ಕೆ ಹೆಸರಿಲ್ಲ, ನಂಬರು. ಮನೆಗಳೆಲ್ಲ ಗಾಜಿನವು. ಒಬ್ಬರ ಜೊತೆ ಏಕಾಂತ ಬೇಕು ಅಂದ್ರೆ ಗುಲಾಬಿ ಬಣ್ಣದ ಚೀಟಿ ತೋರಿಸಬೇಕು. ಆಗ ಮಾತ್ರ ಪರದೆ ಇಳಿಸಬಹುದು. ಅಂದರೆ ಪ್ರೀತಿಗೆ ನಿಷೇಧವಿಲ್ಲ, ರೇಷನ್ ಇದೆ. ಹಕ್ಸ್ಲಿಯ 'ಬ್ರೇವ್ ನ್ಯೂ ವರ್ಲ್ಡ್' (1932) ಪೂರ್ತಿ ಉಲ್ಟಾ. ಯಾರ ಜೊತೆ ಬೇಕಾದರೂ ಓಡಾಡಿ, ಒಬ್ಬರಿಗೇ ಅಂಟಿಕೊಳ್ಳಬೇಡಿ ಅಷ್ಟೇ. ಅಂಟಿಕೊಳ್ಳುವುದೇ ಅಲ್ಲಿ ನಾಚಿಕೆಗೇಡು.

ಇನ್ನು ಆರ್ವೆಲ್‌ನ '1984'. ಪುಸ್ತಕ ಬಂದದ್ದು 1949ರಲ್ಲಿ. ಅದರಲ್ಲಿ ಒಂದು ದೃಶ್ಯವನ್ನು ಈಗಿನ ಲೇಖಕರು ಬಾಯಿಪಾಠ ಮಾಡಬೇಕು. ಕಾರಿಡಾರಿನಲ್ಲಿ ಎದುರಿಗೆ ಬರುತ್ತಿದ್ದ ಜೂಲಿಯಾ ಎಡವಿ ಬೀಳುತ್ತಾಳೆ. ನಾಯಕ ವಿನ್‌ಸ್ಟನ್ ಕೈಕೊಟ್ಟು ಎಬ್ಬಿಸುವಾಗ ಅವನ ಅಂಗೈಗೆ ಒಂದು ಚೂರು ಕಾಗದ ಸೇರಿಸುತ್ತಾಳೆ. ಅವನು ಅದನ್ನು ಬಿಚ್ಚಲ್ಲ. ಬಿಚ್ಚುವ ಹಾಗಿಲ್ಲ, ಟೆಲಿಸ್ಕ್ರೀನ್, ಅಂದರೆ ಜನರ ಮೇಲೆ ಕಣ್ಣಿಡುವ ಸರ್ಕಾರಿ ಪರದೆ, ನೋಡುತ್ತಿದೆ. ಮೇಜಿನ ಮೇಲಿನ ಬೇರೆ ಕಾಗದಗಳ ನಡುವೆ ಅದನ್ನೂ ಬಿಸಾಕಿ ಸುಮ್ನೆ ಕೆಲಸ ಮಾಡುತ್ತಾನೆ. ಎಂಟು ನಿಮಿಷ! ಆ ಎಂಟು ನಿಮಿಷದಲ್ಲಿ ಆಗುವ ಭಯ, ಈಗಿನ ಮೂರು ಸಂಪುಟ ಓದಿದರೂ ಆಗಲ್ಲ. ಇವರು ಎರಡನೇ ಅಧ್ಯಾಯಕ್ಕೇ ಪ್ರೀತಿ ಹೇಳಿಸಿ ಮುಗಿಸಿರುತ್ತಾರೆ. ಮುಂದೆ ಏನೂ ತೋಚದೆ ಇನ್ನೊಬ್ಬ ಹುಡುಗನನ್ನು ಕರೆತಂದು ತ್ರಿಕೋನ ಮಾಡುತ್ತಾರೆ.

ಚುಕ್ಕಿ:
ಸರ್, ತ್ರಿಕೋನ ಅಂದ ಕೂಡಲೇ ದೊಡ್ಡೋರೆಲ್ಲ ಇದೇ ಥರ ಮೂಗು ಮುರೀತೀರಿ. ನನಗೆ ಹದಿನೇಳು. ನಾನು ಹೇಳ್ತೀನಿ ಕೇಳಿ.

'ಹಂಗರ್ ಗೇಮ್ಸ್' (2008) ಓದಿದಾಗ ಕ್ಯಾಟ್ನಿಸ್ ಯಾವ ಹುಡುಗನ ಕೈ ಹಿಡೀತಾಳೆ ಅನ್ನೋದು ನನಗೆ ಮುಖ್ಯ ಆಗಲೇ ಇಲ್ಲ. ಗೇಲ್ ಅಂದ್ರೆ ಅವಳ ಸಿಟ್ಟು. ಪೀಟಾ ಅಂದ್ರೆ ಸಿಟ್ಟಿಲ್ಲದೆಯೂ ಬದುಕಬಹುದು ಅನ್ನೋ ಆಸೆ. ಅವಳು ಯಾವ ಥರದ ಮನುಷ್ಯಳಾಗ್ತಾಳೆ ಅನ್ನೋದೇ ಪ್ರಶ್ನೆ. ಇಷ್ಟಕ್ಕೂ ಅಲ್ಲಿ ಪ್ರೀತಿ ನಿಷಿದ್ಧವೇ ಅಲ್ಲ ಸರ್. ಒಬ್ಬರೇ ಉಳಿಯೋವರೆಗೆ ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲಬೇಕಾದ ಆಟ ಅದು. ಅದನ್ನ ನಡೆಸೋ ಕ್ಯಾಪಿಟಲ್‌ಗೆ, ಅಂದ್ರೆ ಅಲ್ಲಿಯ ಆಳುವವರಿಗೆ, ಟಿವಿಯಲ್ಲಿ ತೋರಿಸೋಕೆ ಕ್ಯಾಟ್ನಿಸ್ ಮತ್ತು ಪೀಟಾ ಪ್ರೀತಿ ಬೇಕು. ಜೋಡಿ ಬದುಕಬಹುದು ಅಂತ ಆಟದ ಮಧ್ಯೆ ನಿಯಮ ಬದಲಾಯಿಸ್ತಾರೆ. ಕೊನೇಲಿ ಇಬ್ಬರೇ ಉಳಿದಾಗ ಆ ನಿಯಮ ವಾಪಸ್ ತಗೋತಾರೆ. ಇಬ್ಬರೂ ವಿಷದ ಹಣ್ಣು ಕೈಯಲ್ಲಿ ಹಿಡಿದು ನಿಲ್ತಾರೆ. ಅದು ಪ್ರೀತಿನಾ ನಾಟಕನಾ ಅಂತ ಅವಳಿಗೇ ಗೊತ್ತಿಲ್ಲ. ನಿಮ್ಮ ಎಂಟು ನಿಮಿಷಕ್ಕೆ ಇದೇನು ಕಡಿಮೆ?

ಹಳೇಓದುಗ:
ಸರ್ ಬೇಡಮ್ಮಾ, ಮೇಷ್ಟ್ರಿಗೆ ಎದುರು ಕೂತ ಹಾಗಿರುತ್ತೆ. ಆ ಹಣ್ಣಿನ ಮಾತು ಒಪ್ಪಿದೆ. ಸಿನಿಮಾ ಮಾತ್ರ ನೋಡಿದ್ದೆ, ಪುಸ್ತಕ ಓದದೆ ಬಾಯಿ ಬಿಟ್ಟೆ. ತ್ರಿಕೋನದ ವಿಷಯದಲ್ಲಿ ಅರ್ಧ ಮಾತ್ರ ಒಪ್ಪುತ್ತೇನೆ. ಆ ಪುಸ್ತಕ ಗೆದ್ದ ಮೇಲೆ ಬಂದ ನಕಲುಗಳಲ್ಲಿ ಎರಡನೇ ಹುಡುಗ ಯಾವ ಬದುಕಿಗೂ ಗುರುತಲ್ಲ, ಬರೀ ಕಣ್ಣಿನ ಬಣ್ಣ ಬೇರೆ.

ಚುಕ್ಕಿ:
ಹ್ಹಹ್ಹ, ಅದು ನಿಜ. ಒಬ್ಬನದು ಬೂದುಗಣ್ಣು, ಇನ್ನೊಬ್ಬನದು ಹಸಿರು.

ಮಸಿಬೊಟ್ಟು:
ಇರುಳುಹಕ್ಕಿಯವರೇ, ನಿಮ್ಮ ಪ್ರಶ್ನೆಗೆ ರಾತ್ರಿಯೆಲ್ಲ ಉತ್ತರ ಹುಡುಕಿದೆ. "ಮೇಲ್ಪೇಟೆಯವರು ಕೆಳಪೇಟೆಯವರನ್ನು ಕೀಳಾಗಿ ಕಾಣುತ್ತಾರೆ, ಅದಕ್ಕೇ ನಿಷೇಧ" ಅಂತ ಬರೆದುಕೊಂಡೆ. ಬೆಳಿಗ್ಗೆ ಓದಿದರೆ ನನಗೇ ಸಪ್ಪೆ ಅನ್ನಿಸಿತು.

ಲೆಕ್ಕದವಳು:
ಸಪ್ಪೆ ಯಾಕೆ ಅಂದ್ರೆ, ಕೀಳಾಗಿ ಕಾಣುವುದು ಮನಸ್ಸಿನ ವಿಷಯ. ಕಾನೂನು ಅಂದ್ರೆ ಕಾಗದ, ಮೊಹರು, ಗುಮಾಸ್ತ. ನಾನು ಇತಿಹಾಸ ಪಾಠ ಮಾಡುವವಳು, ಒಂದೆರಡು ನಿಜವಾದ ಕಾನೂನು ಹೇಳುತ್ತೇನೆ. ಕಾಲ್ಪನಿಕ ಸರ್ಕಾರ ಕಟ್ಟುವವರಿಗೆ ಉಪಯೋಗಕ್ಕೆ ಬರಬಹುದು.

1935ರಲ್ಲಿ ನಾಜಿ ಜರ್ಮನಿ ನ್ಯೂರೆಂಬರ್ಗ್ ಕಾನೂನು ತಂದಿತು. ಯಹೂದಿಗಳಿಗೂ ಜರ್ಮನರಿಗೂ ಮದುವೆ ಆಗುವಂತಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಅದರಲ್ಲೇ ಇನ್ನೊಂದು ಸಾಲಿದೆ. ನಲವತ್ತೈದು ವರ್ಷಕ್ಕಿಂತ ಕಡಿಮೆ ವಯಸ್ಸಿನ ಜರ್ಮನ್ ಹೆಂಗಸರನ್ನು ಯಹೂದಿಗಳು ಮನೆಗೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ನಲವತ್ತೈದು! ಯಾರೋ ಮೇಜಿನ ಮುಂದೆ ಕೂತು ಆ ಸಂಖ್ಯೆಯನ್ನು ಲೆಕ್ಕ ಹಾಕಿದ್ದಾರೆ. ನನಗೆ ಮೈ ಜುಮ್ಮೆನ್ನುವುದು ಅಲ್ಲಿ.

ದಕ್ಷಿಣ ಆಫ್ರಿಕಾ 1949ರಲ್ಲಿ ಬಿಳಿಯರಿಗೂ ಉಳಿದವರಿಗೂ ಮದುವೆ ನಿಷೇಧಿಸಿತು. ಆಮೇಲೆ ತಲೆನೋವು ಶುರುವಾಯಿತು. ಯಾರು ಬಿಳಿಯರು ಅಂತ ಹೇಳುವವರು ಯಾರು? 1950ರಲ್ಲಿ ಎಲ್ಲರನ್ನೂ ಜನಾಂಗದ ಪ್ರಕಾರ ನೋಂದಾಯಿಸಲು ಇನ್ನೊಂದು ಕಾಯ್ದೆ. ಅನುಮಾನ ಬಂದರೆ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಪೆನ್ಸಿಲ್ ಬಿದ್ದರೆ ಒಂದು ಬದುಕು, ನಿಂತರೆ ಇನ್ನೊಂದು. ಮದುವೆಯ ಮೇಲಿನ ನಿಷೇಧ ಹೋದದ್ದು 1985ರಲ್ಲಿ.

ಅಮೆರಿಕದ ವರ್ಜೀನಿಯಾದಲ್ಲಿ 1958ರ ಜುಲೈ, ನಡುರಾತ್ರಿ. ಮಿಲ್ಡ್ರೆಡ್ ಮತ್ತು ರಿಚರ್ಡ್ ಲವಿಂಗ್ ಮಲಗಿದ್ದ ಕೋಣೆಗೆ ಶೆರಿಫ್, ಅಂದರೆ ಅಲ್ಲಿಯ ಪೊಲೀಸ್ ಅಧಿಕಾರಿ, ನುಗ್ಗಿದ. ಅವನು ಬಿಳಿಯ, ಅವಳು ಬಿಳಿಯಳಲ್ಲ, ಈ ದಂಪತಿಯ ಅಪರಾಧ ಅಷ್ಟೇ. ಅವರು ಬೇರೆ ಕಡೆ ಕಾನೂನುಬದ್ಧವಾಗಿಯೇ ಮದುವೆಯಾಗಿ ಬಂದಿದ್ದರು. ಮದುವೆಯ ಸರ್ಟಿಫಿಕೇಟ್ ಗೋಡೆಯ ಮೇಲೇ ತೂಗುಹಾಕಿತ್ತು. ಇಲ್ಲಿ ಅದು ನಡೆಯಲ್ಲ ಅಂದ ಶೆರಿಫ್. ಒಂದು ವರ್ಷ ಜೈಲು. ಇಪ್ಪತ್ತೈದು ವರ್ಷ ಜೊತೆಯಾಗಿ ಈ ರಾಜ್ಯಕ್ಕೆ ಕಾಲಿಡದಿದ್ದರೆ ಜೈಲು ಮಾಫಿ. ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟದ್ದು 1967ರಲ್ಲಿ.

ಮರಣದಂಡನೆ ಎಲ್ಲೂ ಬೇಕಾಗಲಿಲ್ಲ ನೋಡಿ, ಈ ದಂಪತಿಯ ಕಥೆಯಲ್ಲಿ. ಗೋಡೆಗೆ ತೂಗುಹಾಕಿದ ಒಂದು ಕಾಗದ ಸಾಕಾಯಿತು.

ಇರುಳುಹಕ್ಕಿ:
ಪೆನ್ಸಿಲ್! ಮಸಿಬೊಟ್ಟು, ನಿಮ್ಮ ಪಟ್ಟಣದಲ್ಲಿ ಪೆನ್ಸಿಲ್ ಯಾವುದು? ಮೇಲ್ಪೇಟೆ ಯಾರು, ಕೆಳಪೇಟೆ ಯಾರು ಅಂತ ಹೇಗೆ ಗುರುತಿಸುತ್ತಾರೆ? ನೋಡಲು ಎಲ್ಲರೂ ಒಂದೇ ಥರ ಅಲ್ವಾ?

ಮಸಿಬೊಟ್ಟು:
ಅದನ್ನು ಯೋಚಿಸಿಯೇ ಇರಲಿಲ್ಲ. "ಬೂದು ಬಟ್ಟೆ" ಅಂತ ಬರೆದು ಮುಂದೆ ಹೋಗಿದ್ದೆ.

ಚುಕ್ಕಿ:
ಎಲ್ಲ ಡಿಸ್ಟೋಪಿಯಾದಲ್ಲೂ ಬಡವರಿಗೆ ಬೂದು ಬಟ್ಟೆ. ಬಣ್ಣ ಹಾಕೋದಕ್ಕೆ ಇವರಿಗೇನು ರೋಗ?

ತಿದ್ದುಗ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಬೇರೆಯವರ ಹಸ್ತಪ್ರತಿ ತಿದ್ದುವುದು ನನ್ನ ಹೊಟ್ಟೆಪಾಡು. ಎರಡು ಮಾತು, ಮೊದಲನೆಯದು ಕಹಿ.

ಇಂಚರ ಭರಣಿಗೆ ಅರಗು ಹಾಕುತ್ತಾಳೆ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಇಲ್ಲಿಯವರೆಗೆ ಅವಳು ಎಷ್ಟು ಭರಣಿಗೆ ಅರಗು ಹಾಕಿದ್ದಾಳೆ? ಲೆಕ್ಕ ಇದೆಯಾ? ಅದರಲ್ಲಿ ಮುಗಿಲನ ಮನೆಯವರದ್ದು ಎಷ್ಟು? ಅವಳು ಬರೀ ಮೇಲ್ಪೇಟೆಯ ಹುಡುಗಿ ಅಲ್ಲ, ಆ ಯಂತ್ರದ ಒಂದು ಹಲ್ಲು. ಈ ಜಾತಿಯ ಕಥೆಗಳಲ್ಲಿ ನನಗೆ ಆಗಿಬರದ ಸಂಗತಿ ಇದೇ. ಹಿಂಸಿಸುವ ಕಡೆಯವರು ಹಿಂಸೆ ಅನುಭವಿಸುವ ಕಡೆಯವರನ್ನು ಪ್ರೀತಿಸಿದ ಕೂಡಲೇ ಹಿಂದಿನದೆಲ್ಲ ಮಾಫಿ. ಕಾವಲುಗಾರ ಕೈದಿಯನ್ನು ಪ್ರೀತಿಸಿದನಂತೆ, ಪಾಪ ಅವನ ಮನಸ್ಸು ಎಷ್ಟು ಒಳ್ಳೆಯದು! ಕೈದಿಗೆ "ಬೇಡ" ಅನ್ನುವ ಅವಕಾಶ ಇತ್ತಾ ಅಂತ ಯಾರೂ ಕೇಳಲ್ಲ.

ಮ್ಯಾಲರಿ ಬ್ಲ್ಯಾಕ್‌ಮನ್ 'ನಾಟ್ಸ್ ಅಂಡ್ ಕ್ರಾಸಸ್' (2001) ಬರೆದಾಗ ಇದನ್ನು ತಪ್ಪಿಸಿದರು. ಅಲ್ಲಿ ಕಪ್ಪು ಜನ ಆಳುವವರು, ಬಿಳಿಯರು ಕೆಳಗಿನವರು. ಸೆಫಿ ಪ್ರಭಾವಿ ರಾಜಕಾರಣಿಯ ಮಗಳು, ಕ್ಯಾಲಮ್ 'ನಾಟ್', ಅಂದರೆ ಕೆಳಗಿನ ಬಿಳಿಯರವನು. ಚಿಕ್ಕಂದಿನಿಂದ ಗೆಳೆಯರು. ಸೆಫಿ ಒಳ್ಳೆಯವಳು, ಆದರೆ ಅವಳ ಒಳ್ಳೆಯತನವೇ ಅವನಿಗೆ ಪೆಟ್ಟಾಗುತ್ತೆ. ಶಾಲೆಯ ಗಲಾಟೆಯಲ್ಲಿ ಅವನ ಪರವಾಗಿ ಬಾಯಿ ತೆಗೆದವಳು ಆಡುವುದು ಅವನವರನ್ನು ಹೀಯಾಳಿಸುವ ಪದ. ಅವಳಿಗೆ ಅದು ಗೊತ್ತೇ ಆಗಲ್ಲ. ಅಧ್ಯಾಯಗಳು ಒಮ್ಮೆ ಅವಳ ಬಾಯಲ್ಲಿ, ಒಮ್ಮೆ ಅವನ ಬಾಯಲ್ಲಿ. ಇಬ್ಬರೂ ಅದೇ ಘಟನೆಯನ್ನು ಬೇರೆ ಬೇರೆಯಾಗಿ ನೋಡುವುದು ನಮಗೆ ಕಾಣುತ್ತೆ. ಕೊನೆ ಹೇಳಲ್ಲ, ಓದದವರಿಗೆ ಬಿಡುತ್ತೇನೆ. ಸುಖಾಂತ ಅಲ್ಲ ಅಂತ ಮಾತ್ರ ತಿಳಿದಿರಿ.

ಎರಡನೆಯ ಮಾತು ಸಂಜೆ ಬರೆಯುತ್ತೇನೆ, ಕೆಲಸ ಕಾಯುತ್ತಿದೆ.

ಮಸಿಬೊಟ್ಟು:
ಎಷ್ಟು ಭರಣಿ ಅನ್ನೋ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಂಚರ ಕೆಲಸಕ್ಕೆ ಸೇರಿ ಒಂದು ವರ್ಷ ಅಂತ ಬರೆದಿದ್ದೇನೆ. ಹಾಗಾದರೆ ನಲವತ್ತೊಂದು ಅಂತ ಇಟ್ಟುಕೊಳ್ಳೋಣ. ನಲವತ್ತೊಂದನೆಯದು ಮುಗಿಲನ ಅಕ್ಕನದು.

ಇರುಳುಹಕ್ಕಿ:
ಅಯ್ಯೋ.

ಲೆಕ್ಕದವಳು:
ಅದು ಅವನಿಗೆ ಗೊತ್ತಾ?

ಮಸಿಬೊಟ್ಟು:
ಗೊತ್ತಿಲ್ಲ. ಇಂಚರಳಿಗೆ ಗೊತ್ತು. ಭರಣಿಯ ಮೇಲೆ ಹೆಸರು ಬರೆಯುವವಳೂ ಅವಳೇ. ಈಗ ನೋಡಿ, ನನ್ನ ಐದು ಓದುಗರು ಕೇಳಿದ ಭಯ ಇಲ್ಲೇ ಇದೆ ಅಲ್ವಾ? ಕಾವಲುಗಾರರಿಗೆ ಸಿಕ್ಕಿಬೀಳುವುದು ಆಮೇಲಿನ ಮಾತು, ಮೊದಲು ಅವಳು ಅವನ ಕೈಗೇ ಸಿಕ್ಕಿಬೀಳುತ್ತಾಳೆ.

ಹಳೇಓದುಗ:
ನಲವತ್ತೊಂದು ಭರಣಿ ನನ್ನ ಎಂಟು ನಿಮಿಷವನ್ನು ಹೊಡೆದು ಹಾಕಿತು. ಬರೆಯಿರಿ, ಬಿಡಬೇಡಿ.

ಚುಕ್ಕಿ:
ಇರುಳುಹಕ್ಕಿ ಅಕ್ಕಾ, ನೀವು ಮೊದಲು ಕೇಳಿದ್ರಲ್ಲ, ಸರ್ಕಾರಕ್ಕೆ ಏನು ನಷ್ಟ ಅಂತ. ನನಗೊಂದು ಹೊಳೀತು, ಹುಚ್ಚು ಅನ್ನಿಸಿದರೆ ಬೈಯಬೇಡಿ. ಯಾರನ್ನಾದರೂ ತುಂಬಾ ಪ್ರೀತಿಸಿದವರ ದನಿ ಭರಣಿಗೆ ಇಳಿಯೋದೇ ಇಲ್ಲ ಅಂತ ಇದ್ರೆ? ಅವರ ದನಿ ಕೇಳಬೇಕು ಅಂತ ಇನ್ನೊಬ್ಬರು ಕಾಯ್ತಿರ್ತಾರಲ್ಲ, ಅದಕ್ಕೇ ಅಂಟಿಕೊಂಡಿರುತ್ತೆ. ಹಂಗಾಗಿ ಸರ್ಕಾರಕ್ಕೆ ಪ್ರೀತಿ ಅಂದ್ರೆ ತೆರಿಗೆ ಕಳ್ಳತನ.

ಲೆಕ್ಕದವಳು:
ತೆರಿಗೆ ಕಳ್ಳತನ! ಈ ಹುಡುಗಿಗೆ ಯಾರಾದರೂ ಕಾದಂಬರಿ ಬರೆಯಲು ಹೇಳಿ. ಕೋಟೆ ನಿಂತಿರುವುದು ಪ್ರೀತಿ ಕಾಣದ ಮಕ್ಕಳ ಮೇಲೆ ಅಂತಾಯ್ತು. ಹಾಗಿದ್ದರೆ ನಿಷೇಧ ಎರಡು ಪೇಟೆಗಳ ನಡುವಿನ ಪ್ರೀತಿಗೆ ಮಾತ್ರ ಯಾಕೆ? ಕೆಳಪೇಟೆಯೊಳಗೂ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಬಾರದು. ತಾಯಿ ಮಗುವನ್ನು ಮುದ್ದಾಡುವ ಹಾಗಿಲ್ಲ. ಗೆಳೆತನಕ್ಕೂ ಸಮಯದ ಮಿತಿ. ವರ್ಷಕ್ಕೊಮ್ಮೆ ಮನೆ ಬದಲಾಯಿಸುತ್ತಾರೆ, ಅಕ್ಕಪಕ್ಕದವರ ಬಳಕೆ ಬೆಳೆಯದಿರಲಿ ಅಂತ. ನಿಮಗೆ ಬೇಕಾದ ಪೆನ್ಸಿಲ್ ಕೂಡ ಸಿಕ್ಕಿತು. ಕತ್ತಲೆ ಕೋಣೆಯಲ್ಲಿ ಹತ್ತು ಜನರ ಎದುರು ಒಬ್ಬ ಮಾತಾಡಬೇಕು. ಯಾರ ಮುಖವಾದರೂ ಆ ದನಿಗೆ ಅರಳಿದರೆ ಮುಗೀತು.

ಇರುಳುಹಕ್ಕಿ:
ಆ ಕೋಣೆಯಲ್ಲಿ ಇಂಚರ ಕೂತಿರುತ್ತಾಳೆ, ಮುಗಿಲ ಮಾತಾಡುತ್ತಾನೆ. ಅವಳು ಮುಖ ಕಲ್ಲು ಮಾಡಿಕೊಂಡು ಕೂರಬೇಕು. ಆ ಒಂದು ದೃಶ್ಯಕ್ಕೆ ಹತ್ತು ಪುಟ ಕೊಡಿ.

ಹಳೇಓದುಗ:
ಒಂದು ಅನುಮಾನ. ಕತ್ತಲೆ ಕೋಣೆ ಅಂದಿರಿ. ಕತ್ತಲಲ್ಲಿ ಮುಖ ಅರಳಿದ್ದು ಯಾರಿಗೆ ಕಾಣುತ್ತೆ?

ಲೆಕ್ಕದವಳು:
ಹೌದಲ್ಲ! ಮಾತಾಡುವವನನ್ನು ಕತ್ತಲಲ್ಲಿಡಿ, ಕೇಳುವವರ ಮೇಲೆ ಬೆಳಕಿಡಿ.

ತಿದ್ದುಗ:
ಬಂದೆ. ನಾನು ಹೋಗಿ ಬರುವಷ್ಟರಲ್ಲಿ ಕಾದಂಬರಿ ಅರ್ಧ ಬರೆದಾಗಿದೆ. ಎರಡನೆಯ ಮಾತಿಗೆ ಬರುತ್ತೇನೆ, ಇದು ಭಾಷೆಯದ್ದು.

ನೀವು ಹಾಕಿದ ಮಾದರಿ ಅಧ್ಯಾಯದಲ್ಲಿ ಇಂಚರ, ಮುಗಿಲ ಮೊದಲ ಭೇಟಿಯಲ್ಲೇ "ನೀನು", "ಬಾ", "ಹೋಗು" ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಬೇರೆ ದಾರಿಯಿಲ್ಲ, ಅವರದ್ದು ಎಲ್ಲರಿಗೂ ಒಂದೇ ಪದ. ಬರಿಗೈಲಿ ಯುದ್ಧಕ್ಕೆ ಹೋದ ಹಾಗೆ, ಪಾಪ. ನಮಗೆ ನೀನು ಇದೆ, ನೀವು ಇದೆ. ಒಂದು ಪ್ರತ್ಯಯದಲ್ಲಿ ಇಡೀ ಕೋಟೆ ಇದೆ. ಕೆಳಪೇಟೆಯವನು ಮೇಲ್ಪೇಟೆಯವಳಿಗೆ "ನೀವು" ಅನ್ನಬೇಕು, ಅವಳು ಅವನಿಗೆ "ನೀನು" ಅನ್ನಬೇಕು ಅಂತ ಕಾನೂನೇ ಇರಲಿ. ಆಗ ನೀವು ಪ್ರೀತಿಯನ್ನು ಬಾಯಿಬಿಟ್ಟು ಹೇಳಿಸುವ ಅಗತ್ಯವೇ ಇಲ್ಲ. ಒಂದು ದಿನ ಅವಳು ಬಾಯಿತಪ್ಪಿ "ಕೂತ್ಕೊಳ್ಳಿ" ಅನ್ನಲಿ. ಅವನು ಗಾಬರಿಯಾಗಿ ಸುತ್ತ ನೋಡಲಿ. ಅಷ್ಟೇ ಸಾಕು, ಓದುಗರಿಗೆ ಗೊತ್ತಾಗುತ್ತೆ.

ಚುಕ್ಕಿ:
ಅಯ್ಯೋ ದೇವ್ರೇ, ನನಗೆ ಈಗಲೇ ಗಂಟಲು ಕಟ್ಟಿತು.

ಇರುಳುಹಕ್ಕಿ:
ಉಲ್ಟಾ ಕೂಡ ಮಾಡಬಹುದು. ಅವಳು "ನೀವು" ಅನ್ನುವುದು ಮರ್ಯಾದೆ, ಅವನು "ನೀನು" ಅನ್ನುವುದು ಸಲಿಗೆ. ಎರಡೂ ಅಪರಾಧವೇ. ಯಾವುದು ಮೊದಲು ಬರಬೇಕು?

ತಿದ್ದುಗ:
ಅವಳದ್ದು ಮೊದಲು. ಇಳಿದು ಬರಬೇಕಾದವಳು ಅವಳು. ಅವನು ಸಲಿಗೆ ತೋರಿಸಿದರೆ ಜೀವ ಹೋಗುತ್ತೆ, ಅವಳು ಮರ್ಯಾದೆ ಕೊಟ್ಟರೆ ಕೆಲಸ ಹೋಗಬಹುದು ಅಷ್ಟೇ. ಅಪಾಯ ಇಬ್ಬರಿಗೂ ಸಮ ಅಲ್ಲ ಅನ್ನುವುದನ್ನು ಮರೆಯಬೇಡಿ.

ಮಸಿಬೊಟ್ಟು:
ಮೂರು ದಿನ ಈ ಕಡೆ ಬರಲಿಲ್ಲ, ಬರೆಯುತ್ತಿದ್ದೆ. ಮರಣದಂಡನೆ ತೆಗೆದುಹಾಕಿದೆ. ಬೂದು ಬಟ್ಟೆಯೂ ಹೋಯಿತು. ಒಂದು ತುಣುಕು ಹಾಕುತ್ತಿದ್ದೇನೆ, ದಯೆ ತೋರಿಸಬೇಡಿ:

"ಅರಗು ಕರಗಿ ಬಟ್ಟಲಲ್ಲಿ ಗುಳ್ಳೆ ಏಳುತ್ತಿತ್ತು. ಇಂಚರ ತಲೆ ಎತ್ತದೆ ಕೇಳಿದಳು.
'ಹೆಸರು?'
'ಮುಗಿಲ.'
'ಇನ್ನೂ ಮೂರು ತಿಂಗಳಿದೆ. ಈಗ್ಯಾಕೆ ಬಂದೆ?'
'ನಮ್ಮಕ್ಕನ ಭರಣಿ ಯಾವ ಗೋಡೆಯಲ್ಲಿದೆ ಅಂತ ಕೇಳೋಕೆ. ಕಿವಿ ಇಟ್ಟರೆ ಏನಾದ್ರೂ ಕೇಳಿಸುತ್ತಾ?'
ಅವಳ ಕೈಯಲ್ಲಿದ್ದ ಅರಗು ಒಂದು ಹನಿ ಮೇಜಿನ ಮೇಲೆ ಬಿತ್ತು. ಇಲ್ಲಿಯವರೆಗೆ ಯಾರೂ ಇದನ್ನು ಕೇಳಿರಲಿಲ್ಲ.
'ಕೇಳಿಸಲ್ಲ,' ಅಂದಳು. ಅದು ಸುಳ್ಳು.
'ನೀನು ಯಾವತ್ತಾದ್ರೂ ಕಿವಿ ಇಟ್ಟು ನೋಡಿದ್ದೀಯಾ?'"

ಚುಕ್ಕಿ:
ಅದು ಸುಳ್ಳು!! ಅಂದ್ರೆ ಅವಳು ರಾತ್ರಿ ಹೋಗಿ ಕೇಳ್ತಾಳೆ. ನಲವತ್ತೊಂದನ್ನೂ. ಮುಂದಿನದು ಯಾವಾಗ ಹಾಕ್ತೀರಿ?

ಹಳೇಓದುಗ:
ಮೇಜಿನ ಮೇಲೆ ಬಿದ್ದ ಹನಿ ಒಣಗಿ ಗಟ್ಟಿಯಾಗುತ್ತೆ, ಮರುದಿನ ಮೇಲಧಿಕಾರಿ ಅದನ್ನು ಉಗುರಿನಿಂದ ಕೆರೆದು ನೋಡಲಿ. ಏನೂ ಕೇಳದೆ ಹೋಗಲಿ.

ತಿದ್ದುಗ:
ಕೊನೆಯ ಸಾಲು ತಪ್ಪು. ಅವನಿನ್ನೂ "ನೀವು ಯಾವತ್ತಾದ್ರೂ ಕಿವಿ ಇಟ್ಟು ನೋಡಿದ್ದೀರಾ" ಅನ್ನಬೇಕು. "ನೀನು" ಅನ್ನೋದನ್ನು ಇಷ್ಟು ಬೇಗ ಖರ್ಚು ಮಾಡಬೇಡಿ. ಅಕ್ಕನ ಭರಣಿಗೆ ಅರಗು ಹಾಕಿದ್ದು ಯಾರು ಅಂತ ಅವನಿಗೆ ಗೊತ್ತಾಗುವ ದಿನಕ್ಕೆ ಎತ್ತಿಡಿ. ಅವತ್ತು ಮೊದಲ ಸಲ "ನೀನು" ಅನ್ನಲಿ.